ಮುರಿಗೆಪ್ಪನ ಹಗುರ ಚೀಲ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ.

ಗುರುಗಳಿಗೆ ದೀಕ್ಷೆಯ ಹೆಸರೊಂದು ಇತ್ತು. ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಊರವರಿಗೆಲ್ಲ ಅವರು ಅಜ್ಜಾರು.

ಶಿಷ್ಯನ ಹೆಸರು ಮುರಿಗೆಪ್ಪ. ಇನ್ನೂ ಮಾತು ಬಾರದ ವಯಸ್ಸಿನಲ್ಲಿ ಯಾರೋ ಮಠದ ಕಟ್ಟೆಯ ಮೇಲೆ ಕೂರಿಸಿ ಹೋಗಿದ್ದರು. ಗಂಡಸರ ನಡುವೆಯೇ ಬೆಳೆದ. ಪೂಜೆ ಬರುತ್ತಿತ್ತು, ಪಾಠ ಬರುತ್ತಿತ್ತು, ಅಡುಗೆಯೂ ಬರುತ್ತಿತ್ತು. ಮನೆಯೊಳಗಿನ ಸಂಗತಿ ಮಾತ್ರ ಏನೆಂದರೆ ಏನೂ ಗೊತ್ತಿರಲಿಲ್ಲ.

ಅವನಿಗೆ ಒಂದು ಹೆಮ್ಮೆಯಿತ್ತು. ತನ್ನ ಬಳಿ ಹೆಚ್ಚಿನದು ಏನೂ ಇಲ್ಲ ಎನ್ನುವ ಹೆಮ್ಮೆ.

ಬಾಚಣಿಗೆಯನ್ನು ಅರ್ಧಕ್ಕೆ ಮುರಿದು ಇಟ್ಟುಕೊಂಡಿದ್ದ. ಓದುವ ಪುಸ್ತಕದ ರಟ್ಟು ಕಿತ್ತು ಒಲೆಗೆ ಹಾಕಿದ್ದ.

"ರಟ್ಟು ಯಾಕ ಕಿತ್ತಿ?" ಎಂದು ಅಜ್ಜಾರು ಕೇಳಿದ್ದರು.

"ಓದೂದು ಒಳಗೈತ್ರಿ ಅಜ್ಜಾರ. ರಟ್ಟು ಬರೇ ಭಾರ."

ಅಜ್ಜಾರು ಆಗ ಸುಮ್ಮನಾದರು. ಸುಮ್ಮನಾಗಬಾರದಿತ್ತು ಎಂದು ಆಮೇಲೆ ಅವರಿಗೆ ಅನ್ನಿಸಿದ್ದುಂಟು.

ಒಂದು ದಿನ ಶಹರದಿಂದ ಫೋನು ಬಂತು.

ಮಾಡಿದವಳು ಗಂಗಾಂಬಿಕಾ, ಅದೇ ಊರಿನ ಹೆಣ್ಣುಮಗಳು. ಅವಳೂ ಅವಳ ಗಂಡನೂ ಸೇರಿ ಶಹರದಲ್ಲಿ ಹತ್ತಿ ತುಂಬಿಡುತ್ತಿದ್ದ ಹಳೆಯ ವಖಾರಿಯೊಂದನ್ನು ಕೊಂಡು ಚೆಂದದ ಹೋಟೆಲ್ ಮಾಡಿದ್ದರು. ಬೊಟಿಕ್ ಹೋಟೆಲ್ ಎನ್ನುತ್ತಾರಲ್ಲ, ಅಂಥದ್ದು. ಕೆಲವೇ ಕೋಣೆಗಳು, ಒಂದೊಂದಕ್ಕೂ ಒಂದೊಂದು ಬಣ್ಣ, ಎತ್ತ ನೋಡಿದರೂ ಅಚ್ಚುಕಟ್ಟು.

"ಅಜ್ಜಾರ, ನೀವು ಬಂದು ಸ್ವಲ್ಪ ದಿನ ಇರಬೇಕ್ರಿ," ಎಂದಳು. "ಸಂಜೀಕ ನಮ್ಮಲ್ಲಿ ಇಳಕೊಂಡವರಿಗೆ ನಾಕ ಮಾತು ಹೇಳ್ರಿ. ಹಗುರಾಗಿ ಬದುಕೂದು ಹೆಂಗ ಅಂತ. ಶಹರದ ಮಂದಿಗೆ ಅದು ಬೇಕಾಗೇತಿ."

"ನನ್ನ ಮೊಣಕಾಲು ಹಗುರಿಲ್ಲವ್ವ," ಎಂದರು ಅಜ್ಜಾರು. "ಮುರಿಗೆಪ್ಪನ್ನ ಕಳಸ್ತೀನಿ. ಆ ವಿಷಯದಾಗ ಅಂವ ನನಗಿಂತ ಮುಂದ ಅದಾನ."

ಪಕ್ಕದಲ್ಲಿದ್ದ ಮುರಿಗೆಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದ.

"ಆತ್ರಿ. ಏನೂ ತರೂದು ಬ್ಯಾಡ ಅನ್ರಿ. ಇಲ್ಲಿ ಎಲ್ಲಾ ಇರತೈತಿ," ಎಂದಳು ಗಂಗಾಂಬಿಕಾ. ಫೋನು ಇಡುವ ಮೊದಲು ತಡೆದಳು. "ಅವ್ವ ಹೆಂಗದಾಳ್ರಿ?"

"ಬಂದು ನೋಡವ್ವ."

"ಕರದ್ರ ಬರ್ತೀನ್ರಿ," ಎಂದು ಫೋನಿಟ್ಟಳು.

ಅವಳ ತಾಯಿ ದುಂಡವ್ವ ಮಠದ ಹಿಂದಿನ ಓಣಿಯಲ್ಲಿ ತನ್ನ ತಮ್ಮನ ಸಂಸಾರದ ಜೊತೆ ಇದ್ದಳು. ಮಗಳು ತಾನೇ ಮೆಚ್ಚಿದ ಹುಡುಗನನ್ನು ಮದುವೆಯಾದಾಗ, "ನನ್ನ ಹೊಸ್ತಿಲಾ ತುಳೀಬ್ಯಾಡ" ಎಂದಿದ್ದಳು. "ನೀ ಕರಿಯೂತನ ಬರಂಗಿಲ್ಲ" ಎಂದು ಮಗಳು ತಿರುಗಿ ಹೇಳಿದ್ದಳು. ಇಬ್ಬರೂ ಹಟದವರೇ. ಆಡಿದ ಮಾತು ಆಡಿದ ಹಾಗೇ ಉಳಿದು ವರ್ಷಗಳು ಕಳೆದವು. ಈಗ ಗಂಗಾಂಬಿಕಾ ಏಳು ತಿಂಗಳ ಬಸುರಿ.

ಮುರಿಗೆಪ್ಪ ಹೊರಡುವ ಹಿಂದಿನ ದಿನ ದುಂಡವ್ವ ಮಠಕ್ಕೆ ಬಂದಳು. ಕಟ್ಟೆ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟಳು. ಕೈಯಲ್ಲಿ ಒಂದು ಗಂಟಿತ್ತು.

"ಯಪ್ಪಾ, ಇದನ್ನ ಗಂಗೂಗ ಮುಟ್ಟಸ್ರಿ. ಬಿಚ್ಚಿ ನೋಡಿದ್ಲಂದ್ರ ಬರ್ತಾಳ."

"ಫೋನ್ ಮಾಡಿ ಕರೀಲೇನವ್ವ? ನಿನಗ ಆರಾಮಿಲ್ಲಂತ ಹೇಳ್ತೀನಿ."

"ಬ್ಯಾಡ್ರಿ." ಅವಳು ಕೆಮ್ಮು ನಿಲ್ಲುವ ತನಕ ಕಾದಳು. "ಜಡ್ಡು ಅಂದ್ರ ಊರ ಮಂದೀನೂ ಬರ್ತಾರ. ಆಕಿ ನಾ ಕರದೆ ಅಂತ ಬರ್ಲಿ. ಜಡ್ಡಿಂದು ಏನೂ ಹೇಳಬಾರದು. ನನ್ನಾಣಿ ಐತಿ."

ಅಜ್ಜಾರು ಒಪ್ಪಿದರು. ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮುರಿಗೆಪ್ಪನಿಗೆ ಕೊಟ್ಟರು.

"ಕೊಟ್ಟದ್ದನ್ನ ಕೊಟ್ಟಂಗ ಮುಟ್ಟಸು."

"ಆತ್ರಿ ಅಜ್ಜಾರ."

ಮಠದ ಶಿಷ್ಯರನ್ನು ಆ ಸೀಮೆಯಲ್ಲಿ ದೇವರು ಎಂದೇ ಕರೆಯುತ್ತಾರೆ. ದುಂಡವ್ವ ಕಟ್ಟೆ ಇಳಿಯುತ್ತ ಅವನ ಕಡೆ ತಿರುಗಿದಳು. "ಆಕಿ ಕೈಯಾಗ ಕೊಡ್ರಿ ದೇವರ. ಬ್ಯಾರೇದವರ ಕೈಯಾಗ ಬ್ಯಾಡ."

ಮುರಿಗೆಪ್ಪ ಚೀಲ ತುಂಬಲು ಕೂತ.

ಒಂದು ಕಾವಿ ಪಂಚೆ, ಒಂದು ಮೇಲಂಗಿ, ಅರ್ಧ ಬಾಚಣಿಗೆ, ರಟ್ಟಿಲ್ಲದ ಪುಸ್ತಕ. ಜೊತೆಗೆ ಭಕ್ತರೊಬ್ಬರು ಕೊಟ್ಟ ಹೊಸ ಚಪ್ಪಲಿ. ಅಂಥ ಹೋಟೆಲಿನಲ್ಲಿ ಸವೆದ ಚಪ್ಪಲಿ ಮೆಟ್ಟಿ ಓಡಾಡಿದರೆ ಮಠಕ್ಕೇ ಶೋಭೆಯಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡ.

ಮೇಲೆ ದುಂಡವ್ವನ ಗಂಟು ಇಟ್ಟ. ಚೀಲದ ಬಾಯಿ ಮುಚ್ಚಲಿಲ್ಲ.

ಗಂಟು ಬಿಚ್ಚಿದ. ನಡುವೆ ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ತುಂಬ ಅಂಟಿನ ಉಂಡಿ, ತುಪ್ಪದ ಘಮಘಮ. ಸುತ್ತ ಕಟ್ಟಿದ್ದು ಒಂದು ಹಳೆಯ ನೂಲಿನ ಸೀರೆ. ಉಟ್ಟು ಉಟ್ಟು, ಒಗೆದು ಒಗೆದು ಅದರ ಬಣ್ಣ ಹೋಗಿತ್ತು. ಸೆರಗಿನ ಹತ್ತಿರ ತೇಪೆ ಹಾಕಿತ್ತು.

ಇಷ್ಟು ಸಣ್ಣ ಡಬ್ಬಿಗೆ ಇಷ್ಟು ದೊಡ್ಡ ಬಟ್ಟೆ ಸುತ್ತುವುದೇ! ಅವನಿಗೆ ನಗು ಬಂತು. ಮುದುಕಿಗೆ ಗಂಟು ಕಟ್ಟಲಿಕ್ಕೂ ಬರುವುದಿಲ್ಲ ಎಂದುಕೊಂಡ.

ಡಬ್ಬಿ ಚೀಲದೊಳಗೆ ಹೋಯಿತು. ಸೀರೆ ಹೊರಗುಳಿಯಿತು.

ಹೊಸ ಚಪ್ಪಲಿಗೆ ಎಣ್ಣೆ ಹಚ್ಚಿಟ್ಟಿದ್ದ. ಪಂಚೆಗೆ ಕಲೆ ಹತ್ತಬಾರದಲ್ಲ. ಸೀರೆಯ ಅಂಚಿಗೆ ಬೆರಳು ಹಾಕಿ ಎಳೆದ. ಹಳೆಯ ನೂಲು, ಸುಲಭವಾಗಿ ಹರಿಯಿತು. ಆ ತುಂಡನ್ನು ಚಪ್ಪಲಿಗೆ ಸುತ್ತಿದ. ಉಳಿದದ್ದನ್ನು ತನ್ನ ಕೋಣೆಯ ಗೂಟಕ್ಕೆ ತೂಗುಹಾಕಿದ. ನೆಲ ಒರೆಸಲಿಕ್ಕೆ ಆದೀತು ಎಂದು.

ಮರುದಿನ ಬೆಳಿಗ್ಗೆ ಅಜ್ಜಾರು ಚೀಲವನ್ನು ಒಂದೇ ಬೆರಳಲ್ಲಿ ಎತ್ತಿ ನೋಡಿದರು.

"ಬಾಳ ಹಗುರೈತಲ್ಲೋ."

"ಹೌದ್ರಿ ಅಜ್ಜಾರ."

"ದುಂಡವ್ವನ ಗಂಟು?"

"ಒಳಗೈತ್ರಿ."

ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ತಿನ್ನುವುದು ಒಳಗೇ ಇತ್ತಲ್ಲ.

ಹೋಟೆಲಿನ ಬಾಗಿಲಲ್ಲಿ ಗಂಗಾಂಬಿಕಾ ತಾನೇ ನಿಂತಿದ್ದಳು. ತುಂಬಿದ ಹೊಟ್ಟೆಯನ್ನು ಸಾವರಿಸಿಕೊಂಡು ಬಾಗಿ ಅವನ ಪಾದ ಮುಟ್ಟಿದಳು.

"ಇಷ್ಟ ಏನ್ರಿ ದೇವರ ನಿಮ್ಮ ಸಾಮಾನು?"

"ಇಷ್ಟ ಅಕ್ಕಾರ. ಇದೂ ಹೆಚ್ಚಾತು."

ಅಲ್ಲೇ ಕೂತಿದ್ದ ಅತಿಥಿಗಳು ತಲೆದೂಗಿದರು. ಗಾಲಿ ಇರುವ ದೊಡ್ಡ ದೊಡ್ಡ ಪೆಟ್ಟಿಗೆಗಳ ನಡುವೆ ಅವನ ಚೀಲ ಎದ್ದು ಕಾಣುತ್ತಿತ್ತು. ಒಬ್ಬರು ಅದರ ಫೋಟೊ ತೆಗೆದರು. ಮುರಿಗೆಪ್ಪ ಬೇಡವೆನ್ನಲಿಲ್ಲ.

ಅಂಗಳದ ಬೆಂಚಿನ ಮೇಲೆ ಕೂತು ಡಬ್ಬಿಯನ್ನು ಅವಳ ಕೈಗೆ ಕೊಟ್ಟ. "ನಿಮ್ಮ ಅವ್ವಾರು ಕೊಟ್ಟಾರ್ರಿ."

ಅವಳ ಮುಖ ಒಮ್ಮೆಲೇ ಅರಳಿತು. ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದಳು. ಉಂಡಿಗಳನ್ನು ನೋಡಿದಳು. ಒಂದೆರಡನ್ನು ಎತ್ತಿ ಡಬ್ಬಿಯ ತಳವನ್ನೂ ನೋಡಿದಳು. ಆಮೇಲೆ ಅವನ ಚೀಲದ ಕಡೆ ನೋಡಿದಳು.

"ಮತ್ತೇನರ ಕೊಟ್ಟಾಳೇನ್ರಿ?"

"ಇಲ್ಲ ಅಕ್ಕಾರ. ಇಷ್ಟ."

"ಏನರ ಹೇಳಿ ಕಳಿಸಿದ್ಲೇನ್ರಿ?"

ನೋಡಿದರೆ ಬರುತ್ತಾಳೆ ಎಂಬ ದುಂಡವ್ವನ ಮಾತು ಅವನ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಏನೂ ಹೇಳಬಾರದು ಎಂದು ಅವಳು ಆಣೆ ಹಾಕಿದ್ದು ನೆನಪಾಯಿತು. ಎಲ್ಲಾದರೂ ಜಡ್ಡಿನ ಮಾತು ಬಾಯಿಂದ ಬಿದ್ದೀತು ಎಂದು ಹೆದರಿ ಸುಮ್ಮನಾದ.

"ನಿಮ್ಮ ಕೈಯಾಗ ಕೊಡು ಅಂದ್ರು. ಅಷ್ಟ."

ಕೊಟ್ಟ ಕೆಲಸದಲ್ಲಿ ಅವನು ಚಾಚೂ ತಪ್ಪದೆ ಮಾಡಿದ್ದು ಇದೊಂದೇ.

ಗಂಗಾಂಬಿಕಾ ಮುಚ್ಚಳ ಹಾಕಿದಳು. ಮುಖ ಮೊದಲಿನ ಹಾಗಾಯಿತು. ಅಡುಗೆಯವನನ್ನು ಕರೆದು ಡಬ್ಬಿ ಕೊಟ್ಟಳು. "ಸಂಜೀಕ ಎಲ್ಲಾರಿಗೂ ಒಂದೊಂದು ಕೊಡ್ರಿ."

ಎಂಥ ದೊಡ್ಡ ಮನಸ್ಸು ಎಂದು ಮುರಿಗೆಪ್ಪನಿಗೆ ಅನ್ನಿಸಿತು.

ಅವನ ಕೋಣೆಯ ಗೋಡೆಗೆ ತಿಳಿನೀಲಿ ಬಣ್ಣ. ಹಾಸಿಗೆಯ ಮೇಲೆ ಮಡಿಚಿಟ್ಟ ಬಿಳಿಯ ನಿಲುವಂಗಿ, ಕೆಳಗೆ ಮೆತ್ತನೆಯ ಚಪ್ಪಲಿ. ಬಚ್ಚಲಲ್ಲಿ ಸೋಪು, ಎಣ್ಣೆ, ಇಡೀ ಬಾಚಣಿಗೆ. ತಾನು ತಂದದ್ದೂ ಹೆಚ್ಚಾಯಿತಲ್ಲ ಎಂದು ಅವನಿಗೆ ಖುಷಿಯಾಯಿತು. ಹೊಸ ಚಪ್ಪಲಿಯ ಕಟ್ಟನ್ನು ಬಿಚ್ಚುವ ಕೆಲಸವೇ ಬೀಳಲಿಲ್ಲ. ಅದನ್ನು ಅಲಮಾರಿಯ ತಳಕ್ಕೆ ನೂಕಿದ.

ಮಠಕ್ಕೆ ಫೋನು ಮಾಡಿದ.

"ಮುಟ್ಟಿಸಿದೆ ಅಜ್ಜಾರ."

"ಏನಂದ್ಲು?"

"ಸಂತೋಷಪಟ್ರು. ಎಲ್ಲಾರಿಗೂ ಹಂಚಾಕ ಹೇಳಿದ್ರು."

"ಹಂಚಾಕ? ಉಂಡಿ ಏನು?"

"ಹೌದ್ರಿ."

"ಬರ್ತೀನಿ ಅಂದ್ಲೇನು?"

"ಅದೇನೂ ಅನಲಿಲ್ರಿ."

"ಹೂಂ," ಎಂದರು ಅಜ್ಜಾರು. ಮತ್ತೆ ಕೇಳಲಿಲ್ಲ.

ಸಂಜೆ ಅಂಗಳದಲ್ಲಿ ಮಂದಿ ಸೇರಿದರು. ಮುರಿಗೆಪ್ಪ ಚೆನ್ನಾಗಿ ಮಾತಾಡಿದ. ಚೀಲದಲ್ಲಿ ಏನಿದೆ ಎಂದಲ್ಲ, ಏನಿಲ್ಲ ಎಂದು ನೋಡಿಕೊಳ್ಳಿ ಎಂದ. ಸುತ್ತಿದ್ದನ್ನು ಬಿಟ್ಟು ಒಳಗಿನದನ್ನು ಹಿಡಿಯಿರಿ ಎಂದ. ಜನ ಚಪ್ಪಾಳೆ ಹೊಡೆದರು.

ತಟ್ಟೆಯಲ್ಲಿ ಉಂಡಿ ಬಂತು. ಅವನೂ ಒಂದು ತಿಂದ. ಬಹಳ ರುಚಿಯಾಗಿತ್ತು.

ಗಂಗಾಂಬಿಕಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ತಟ್ಟೆ ಅವಳ ಹತ್ತಿರ ಬಂದಾಗ ಮುಂದೆ ಸರಿಸಿದಳು.

ಮಾರನೆಯ ದಿನ ಅವಳು ಅವನ ಬಳಿ ಬಂದು ಕೇಳಿದಳು. "ದೇವರ, ಅವ್ವಗ ಇನ್ನೂ ನನ್ನ ಮ್ಯಾಲ ಸಿಟ್ಟು ಐತೇನ್ರಿ?"

ಅವನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತ. ದೊಡ್ಡವರು ಹಾಗೆ ಮಾಡುವುದನ್ನು ನೋಡಿದ್ದ.

"ಯಾರ ಸಿಟ್ಟು ಅವರ ಹತ್ರ ಇರ್ಲಿ ಅಕ್ಕಾರ. ನೀವು ಅದನ್ನ ಹೊತಗೊಂಡು ತಿರಗಬ್ಯಾಡ್ರಿ. ಇಳಿಸಿಬಿಡ್ರಿ."

ಅವಳ ಕಣ್ಣು ತುಂಬಿದವು. ತನ್ನ ಮಾತು ನಾಟಿತು ಎಂದು ಅವನು ತಿಳಿದ.

ಅದಾಗಿ ಮೂರು ದಿನಕ್ಕೆ, ಬೆಳಿಗ್ಗೆ, ಊರಿಂದ ಸೋದರಮಾವನ ಫೋನು ಬಂತು. ದುಂಡವ್ವ ಹೋಗಿಬಿಟ್ಟಿದ್ದಳು.

ಗಂಗಾಂಬಿಕಾ ಇದ್ದಲ್ಲೇ ಕೂತುಬಿಟ್ಟಳು.

ಕಾರು ಅವಳ ಗಂಡ ನಡೆಸಿದ. ಮುರಿಗೆಪ್ಪ ಅವನ ಪಕ್ಕ ಕೂತ, ಕಾಲ ಬಳಿ ಚೀಲ ಇಟ್ಟುಕೊಂಡು. ಅವಳು ಹಿಂದೆ ಕೂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು.

ಕಾರು ಶಹರ ದಾಟಿತು.

"ಬಾಳ ಹಟದಾಕಿ ನಮ್ಮವ್ವ," ಎಂದಳು ಅವಳು ಕೊನೆಗೆ. "ಉಂಡಿ ಕಳಿಸಿದ್ಲು. ಉಂಡಿ ಯಾರಿಗರ ಕಳಸ್ತಾರ್ರಿ ದೇವರ. ಮಗ್ಗಲ ಮನಿ ಬಸುರಿಗೂ ಕಳಸ್ತಾರ. ನಾ ಅವ್ವನ ಸೀರಿ ಬರತೈತಿ ಅಂತ ಹಾದಿ ಕಾಯ್ತಿದ್ದೆ."

"ಸೀರಿ?" ಮುರಿಗೆಪ್ಪ ಹಿಂದೆ ತಿರುಗಿದ. "ಹೊಸಾದೇನ್ರಿ?"

"ಹಳೇದು. ನಿಮಗ ಎಲ್ಲಿ ಗೊತ್ತಿರತೈತಿ. ಹುಟ್ಟಿದ ಕೂಸಿಗೆ ಹೊಸ ಅರಬಿ ಹಾಕಂಗಿಲ್ರಿ, ಮೈಗೆ ಚುಚ್ಚತೈತಿ. ತಾಯಿಯ ತಾಯಿ ಉಟ್ಟು ಮೆತ್ತಗಾದ ಸೀರೀನ ಮೊದಲ ಸುತ್ತೂದು. ಅದನ್ನ ತವರಿಂದ ಕಳಿಸಿದ್ರಂದ್ರ ಬಾಣಂತನಕ್ಕ ಬಾ ಅಂತ ಕರದಂಗ." ಅವಳು ಕಿಟಕಿಯ ಕಡೆ ತಿರುಗಿದಳು. "ಬಾಯಿ ಬಿಟ್ಟು ಕರಿಯಾಕಿ ಅಲ್ಲ ಆಕಿ. ಸೀರಿ ಕಳಿಸಿದ್ಲಂದ್ರ ಅವತ್ತ ಓಡಿ ಬರ್ತಿದ್ದೆ. ಮಾರಿ ನೋಡ್ತಿದ್ದೆ."

ಮುರಿಗೆಪ್ಪ ಮುಂದಕ್ಕೆ ತಿರುಗಿದ.

ಚೀಲ ಅವನ ಕಾಲಿಗೆ ತಾಗುತ್ತಿತ್ತು. ಅದರೊಳಗೆ ಚಪ್ಪಲಿ, ಚಪ್ಪಲಿಗೆ ಸುತ್ತಿದ ತುಂಡು.

ಮುಂದಿನ ಊರು ಬರಲಿ, ಹೇಳುತ್ತೇನೆ ಎಂದುಕೊಂಡ. ಆ ಊರು ಬಂತು, ಹೋಯಿತು. ಸೇತುವೆ ಬರಲಿ ಎಂದುಕೊಂಡ. ಸೇತುವೆಯೂ ಹಿಂದೆ ಬಿತ್ತು. ಹೊಳೆ ಕಂಡಿತು, ಊರೂ ಬಂತು. ಅವನು ಬಾಯಿ ಬಿಡಲಿಲ್ಲ.

ದುಂಡವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಮಗಳಿಗಾಗಿ ಕಾದಿದ್ದರು.

ಗಂಗಾಂಬಿಕಾ ತಾಯಿಯ ಕೆನ್ನೆಯ ಮೇಲೆ ಅಂಗೈ ಇಟ್ಟಳು.

"ಒಂದ ಸಲ ಕರೀಬೇಕಿತ್ತವ್ವ," ಎಂದಳು. "ಇಷ್ಟು ಸಿಟ್ಟು ಮಾಡಬಾರದಿತ್ತು."

ಕೇಳಿದವರೆಲ್ಲ ಅತ್ತರು. ಬಾಗಿಲ ಹತ್ತಿರ ನಿಂತಿದ್ದ ಮುರಿಗೆಪ್ಪನಿಗೆ ಅಳುವುದಕ್ಕೂ ಮುಖವಿರಲಿಲ್ಲ.

ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೆ ಅಜ್ಜಾರು ಹೊಳೆಗೆ ಬಂದರು. ಮುರಿಗೆಪ್ಪ ಮೊಣಕಾಲುದ್ದ ನೀರಲ್ಲಿ ನಿಂತು ಏನನ್ನೋ ಕಲ್ಲಿಗೆ ತಿಕ್ಕುತ್ತಿದ್ದ.

"ಏನು ಒಗ್ಯಾಕತ್ತಿ?"

ಅವನು ತಿರುಗಿ ನೋಡಿದ. ಕೈಯಲ್ಲಿ ಸೀರೆಯ ತುಂಡಿತ್ತು. ನೀರಿನಿಂದ ಬಂದು ಅಜ್ಜಾರ ಕಾಲ ಬಳಿ ಬಿದ್ದ. ಗಂಟು ಬಿಚ್ಚಿದ್ದು, ಸೀರೆ ಹರಿದದ್ದು, ಚಪ್ಪಲಿಗೆ ಸುತ್ತಿದ್ದು, ಕಾರಿನಲ್ಲಿ ಅವಳು ಹೇಳಿದ್ದು, ತಾನು ಬಾಯಿ ಮುಚ್ಚಿಕೊಂಡು ಕೂತದ್ದು, ಎಲ್ಲವನ್ನೂ ಹೇಳಿದ.

ಅಜ್ಜಾರು ಮೆಟ್ಟಿಲ ಮೇಲೆ ಕೂತರು. ಕೋಲು ಕೈಯಿಂದ ಜಾರಿತು. ಎತ್ತಿಕೊಳ್ಳಲಿಲ್ಲ.

"ಆಕಿ ಕೇಳ್ತಿದ್ಲು," ಎಂದರು. "ಸೀರಿ ಮುಟ್ಟಿತೇನ್ರಿ ಯಪ್ಪಾ ಅಂತ. ಮುಟ್ಟೇತವ್ವ ಅಂತಿದ್ದೆ."

"ಏನಂತಿದ್ರು?"

"ಬಸುರಿ ಹೆಂಗಸು, ಹಾದಿ ಸರಿ ಇಲ್ಲ, ನಾಳೆ ಬರ್ತಾಳ ಅಂತಿದ್ಲು. ನಿನ್ನೆ ಕೇಳಲಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು."

ಮುರಿಗೆಪ್ಪ ಬಿಕ್ಕಿ ಬಿಕ್ಕಿ ಅತ್ತ.

"ಆಣಿ ಮುರದು ಒಂದು ಫೋನ್ ಮಾಡಬೇಕಿತ್ತು ನಾನೂ," ಎಂದರು ಅಜ್ಜಾರು. "ನನ್ನ ಮಾತು ಉಳೀತು. ಆಕಿ ಉಳೀಲಿಲ್ಲ."

"ಬೈರಿ ಅಜ್ಜಾರ. ಹೊಡೀರಿ ನನ್ನ."

"ಹೊಡದ್ರ ನಿನಗ ಚಲೋ ಅನಸತೈತಿ. ಅದಕ್ಕ ಹೊಡ್ಯಾಂಗಿಲ್ಲ."

ಕೈಯಲ್ಲಿದ್ದ ತುಂಡನ್ನು ಅವನು ಹಿಂಡಿ ಮೆಟ್ಟಿಲ ಮೇಲೆ ಹರವಿದ.

"ಅಕ್ಕಾರಿಗೆ ಹೇಳಿಬಿಡ್ತೀನ್ರಿ," ಎಂದ ಮುರಿಗೆಪ್ಪ.

"ಯಾಕ?"

"ಹೇಳಿದ್ರ ಮನಸು ಹಗುರಾಗತೈತಿ."

"ಹಂಗಾರ ಹೇಳಬ್ಯಾಡ."

ಮುರಿಗೆಪ್ಪ ತಲೆಯೆತ್ತಿದ.

"ನಿನ್ನ ಭಾರ ಆಕಿ ತಲಿ ಮ್ಯಾಲ ಇಡಾಕ ಹೊಂಟಿದ್ರ ಬ್ಯಾಡ. ಬಸುರಿ ಆಕಿ. ಇವತ್ತ ತಾಯೀನ್ನ ಮಣ್ಣಿಗೆ ಇಟ್ಟು ಬಂದಾಳ."

"ಹೇಳದಿದ್ರ, ಅವ್ವ ಕರೀಲೇ ಇಲ್ಲ ಅಂತ ತಿಳ್ಕೊಂಡ ಇರ್ತಾರಲ್ರಿ. ಇರೂತನ ಹಂಗ ತಿಳ್ಕೊಂಡ ಇರ್ತಾರಲ್ರಿ ಅಜ್ಜಾರ."

ಅಜ್ಜಾರು ಬಗ್ಗಿ ಕೋಲು ಎತ್ತಿಕೊಂಡರು.

"ಹಂಗಾರ ಹೋಗಿ ಹೇಳು," ಎಂದರು.

ಮಾರನೆಯ ದಿನ ಮುರಿಗೆಪ್ಪ ಓಣಿಗೆ ಹೋದ. ಗೂಟದ ಮೇಲಿನ ಸೀರೆ, ಒಗೆದ ತುಂಡು ಎರಡನ್ನೂ ತಂದಿದ್ದ. ಗಂಗಾಂಬಿಕಾ ಸೋದರಮಾವನ ಮನೆಯ ಪಡಸಾಲೆಯಲ್ಲಿ ಕೂತಿದ್ದಳು. ಅವನು ನಿಂತೇ ಹೇಳಿದ. ಏನನ್ನೂ ಬಿಡಲಿಲ್ಲ. ಚಪ್ಪಲಿಯದನ್ನೂ ಬಿಡಲಿಲ್ಲ.

ಅವಳು ಕೈ ಚಾಚಿದಳು. ಸೀರೆ ಕೊಟ್ಟ. ಅದನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೇ ಇದ್ದಳು.

"ಕರದಿದ್ಲಲ್ಲ," ಎಂದಳು ಸೀರೆಯೊಳಗಿಂದಲೇ. "ಕರದಿದ್ಲು ನಮ್ಮವ್ವ."

ತಾಯಿ ಸತ್ತ ಮೇಲೆ ಅವಳು ಗಟ್ಟಿಯಾಗಿ ಅತ್ತದ್ದು ಆಗಲೇ.

ಆಮೇಲೆ ಆ ತುಂಡನ್ನು ಇಸಕೊಂಡು ಅದನ್ನೂ ಮುಖಕ್ಕೆ ಹಿಡಿದಳು. ತಟ್ಟನೆ ತೆಗೆದಳು.

"ಇದನ್ನ ಒಗದೀರೇನ್ರಿ?"

"ಹೌದ್ರಿ. ಚಪ್ಪಲಿ ಎಣ್ಣಿ ಹತ್ತಿತ್ತು."

"ಎಣ್ಣಿ ಇದ್ರೂ ನಡೀತಿತ್ತು. ಅವ್ವನ ವಾಸನಿ ಹೋತಲ್ರಿ."

ಅವಳು ಸೀರೆಯನ್ನು ಮತ್ತೆ ಎದೆಗೆ ಒತ್ತಿಕೊಂಡಳು.

"ನಾ ಬರಲಿಲ್ಲಂತ ಏನಂದ್ಲಂತ್ರಿ?"

"ಬಸುರಿ ಹೆಂಗಸು, ಹಾದಿ ಸರಿ ಇಲ್ಲ, ನಾಳೆ ಬರ್ತಾಳ ಅಂದ್ರಂತ. ಕಡೀ ದಿನ ಕೇಳಲಿಲ್ಲಂತ್ರಿ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರಂತ."

ಅವಳು ತುಂಡನ್ನು ಮೊಣಕಾಲ ಮೇಲೆ ಹಾಕಿ ನೇವರಿಸಿದಳು.

"ನನ್ನ ಮನಿಯೊಳಗ ಇತ್ತು ಇದು. ನಾ ಮ್ಯಾಲಿನ ಖೋಲಿಯೊಳಗ ಮಲಗಿದ್ದೆ. ಇದು ಕೆಳಗ ಚಪ್ಪಲಿ ಸುತಗೊಂಡು ಬಿದ್ದಿತ್ತು."

"ಅಕ್ಕಾರ, ತಪ್ಪಾತ್ರಿ."

"ಹಂಗ ಅನ್ನಬ್ಯಾಡ್ರಿ ದೇವರ. ನೀವು ತಪ್ಪಾತು ಅಂದ್ರ ನಾ ಹೋಗ್ಲಿ ಬಿಡ್ರಿ ಅನ್ನಬೇಕಾಗತೈತಿ. ಅದು ನನ್ನ ಕೈಲೆ ಆಗಂಗಿಲ್ಲ."

ಮುರಿಗೆಪ್ಪ ಕೈ ಮುಗಿದ. ಅವಳು ನೋಡಲಿಲ್ಲ.

ಗಂಗಾಂಬಿಕಾ ಶಹರಕ್ಕೆ ಹಿಂತಿರುಗಲಿಲ್ಲ. ಅವ್ವ ಕರೆದಿದ್ದಾಳೆ, ಬಾಣಂತನ ಇಲ್ಲೇ ಎಂದು ಗಂಡನಿಗೆ ಹೇಳಿದಳು. ಅವನು ಹೋಟೆಲ್ ನೋಡಿಕೊಳ್ಳುತ್ತ ಬಂದು ಹೋಗಿ ಮಾಡಿದ. ತಿಂಗಳು ತುಂಬಿ ಹೆಣ್ಣುಕೂಸು ಹುಟ್ಟಿತು.

ಸೀರೆಯನ್ನು ಕೂಸಿನ ಅಳತೆಗೆ ಚೌಕ ಚೌಕವಾಗಿ ಹರಿದಿದ್ದರು. ದಿನವೂ ಒಗೆದು ಓಣಿಯ ಹಗ್ಗಕ್ಕೆ ಹಾಕುತ್ತಿದ್ದರು. ಮಠದ ಕಟ್ಟೆಯಿಂದ ನೋಡಿದರೆ ಅದೇ ಕಾಣುತ್ತಿತ್ತು.

ಮುರಿಗೆಪ್ಪ ಕಟ್ಟೆಗೆ ಬರುವುದನ್ನೇ ಬಿಟ್ಟ. ಊಟ ಕಡಿಮೆಯಾಯಿತು. ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಓದು ಸಾಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಬರಿಗೈಯಲ್ಲಿ ಬಂದು ಅಜ್ಜಾರಿಗೆ ನಮಸ್ಕಾರ ಮಾಡಿದ.

"ಹೊಂಟೆ ಅಜ್ಜಾರ."

"ಎಲ್ಲಿಗೆ?"

"ಎಲ್ಲಿಗರ್ರಿ. ಈ ಹೊಳಿ, ಈ ಓಣಿ ಕಾಣದಂಥ ಕಡೆ."

"ಚೀಲ ಎಲ್ಲೈತಿ?"

"ಏನೂ ಒಯ್ಯಾಂಗಿಲ್ರಿ. ಉಟ್ಟ ಅರಬಿ ಮ್ಯಾಲ ಹೊಕ್ಕೀನಿ."

"ಯಾಕ ಹೊಂಟಿ?"

ಮುರಿಗೆಪ್ಪ ಎದೆ ಮುಟ್ಟಿಕೊಂಡ. "ಇಲ್ಲಿ ಕಲ್ಲಿಟ್ಟಂಗ ಆಗೇತ್ರಿ. ಉಣ್ಣಾಕ ಕುಂತ್ರೂ ಬಿಡವಲ್ಲದು, ಮಲಗಿದ್ರೂ ಬಿಡವಲ್ಲದು. ಆ ಅಕ್ಕಾರು ಕಂಡ್ರ ಮತ್ತಷ್ಟು ಭಾರ ಆಗತೈತಿ. ದೂರ ಹೋದ್ರ ಇಳದೀತು."

ಅಜ್ಜಾರು ಕಟ್ಟೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಮುರಿಗೆಪ್ಪ ಕೂತ. ಎಷ್ಟೋ ದಿನಗಳ ಮೇಲೆ ಅವನು ಅಲ್ಲಿ ಕೂತಿದ್ದು.

ಓಣಿಯಲ್ಲಿ ಕೂಸು ಅಳುತ್ತಿತ್ತು. ಗಂಗಾಂಬಿಕಾ ಅದನ್ನು ಸಮಾಧಾನ ಮಾಡುತ್ತಿದ್ದದ್ದೂ ಕೇಳುತ್ತಿತ್ತು.

ಅಜ್ಜಾರು ಅವನ ಬೆನ್ನ ಮೇಲೆ ಕೈ ಇಟ್ಟರು.

"ಈ ಭಾರ ಒಂದನ್ನಾದ್ರೂ ಬಿಟ್ಟು ಹೋಗಬ್ಯಾಡ ತಮ್ಮಾ."